ಗೂಗಲ್‌ಗೆ ಮೊದಲು ಹೇಳಿದ ಮಾತು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮನಸ್ಸಿನ ತೊಳಲಾಟವನ್ನು ಮನೆಯವರಿಗಾಗಲಿ ವೈದ್ಯರಿಗಾಗಲಿ ಹೇಳುವ ಮೊದಲೇ ಬಹಳ ಮಂದಿ ಅದನ್ನು ಸರ್ಚ್ ಎಂಜಿನ್ನಿನಲ್ಲಿ ಟೈಪ್ ಮಾಡಿರುತ್ತಾರೆ. ಇಂಥ ಹುಡುಕಾಟಗಳನ್ನು ಒಟ್ಟಾಗಿ ನೋಡಿದರೆ ಸಮಾಜದ ಮಾನಸಿಕ ಆರೋಗ್ಯದ ಬಗ್ಗೆ ಏನು ತಿಳಿಯುತ್ತದೆ ಎಂದು ಹಲವರು ಕೇಳಿದ್ದಾರೆ. ತಮ್ಮ ಅಥವಾ ಮಕ್ಕಳ ಹುಡುಕಾಟದ ಬಗ್ಗೆ ಕಳವಳದಿಂದ ಬರೆದವರೂ ಇದ್ದಾರೆ. ಆಯ್ದ ಕೆಲವು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಹುಡುಕಾಟದ ಏರಿಳಿತ ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ‘ಆತಂಕ’ ಎಂದು ಹಾಕಿದರೆ ಎರಡು ವರ್ಷದ ಹಿಂದೆ 50 ಇದ್ದದ್ದು ಕಳೆದ ತಿಂಗಳು 100 ಆಗಿದೆ. ಆತಂಕದಿಂದ ಬಳಲುವವರು ಎರಡು ಪಟ್ಟಾಗಿದ್ದಾರೆ ಎಂದು ವರದಿಯಲ್ಲಿ ಬರೆಯಬಹುದೇ?
— ಪತ್ರಿಕೋದ್ಯಮ ವಿದ್ಯಾರ್ಥಿನಿ

ಉತ್ತರ: ಖಂಡಿತ ಬರೆಯಬೇಡಿ. ಆ 100 ಜನರ ಲೆಕ್ಕವೂ ಅಲ್ಲ, ಹುಡುಕಾಟಗಳ ಲೆಕ್ಕವೂ ಅಲ್ಲ. ನೀವು ಆರಿಸಿದ ಪ್ರದೇಶ ಮತ್ತು ಅವಧಿಯಲ್ಲಿ ನಡೆದ ಒಟ್ಟು ಹುಡುಕಾಟಗಳಲ್ಲಿ ಆ ಪದದ ಪಾಲು ಎಷ್ಟು ಎಂದು ಟ್ರೆಂಡ್ಸ್ ನೋಡುತ್ತದೆ. ಆ ಪಾಲು ಅತಿ ಹೆಚ್ಚಿದ್ದ ಸಮಯಕ್ಕೆ 100 ಕೊಟ್ಟು, ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಅಂಕ ಹಾಕುತ್ತದೆ. ಅವಧಿ ಬದಲಿಸಿದರೆ 100 ಬೇರೆ ತಿಂಗಳಿಗೆ ಹೋಗಬಹುದು.

ಲೆಕ್ಕ ಹಾಕಿ ನೋಡಿ. ಒಂದು ವರ್ಷ 10,000 ಹುಡುಕಾಟಗಳಲ್ಲಿ 10 ಆತಂಕದ ಬಗ್ಗೆ ಇದ್ದವು ಎಂದುಕೊಳ್ಳಿ. ಕೆಲವು ವರ್ಷಗಳ ನಂತರ ಫೋನ್ ಎಲ್ಲರ ಕೈಗೂ ಬಂದು ಒಟ್ಟು ಹುಡುಕಾಟ 1,00,000 ಆಯಿತು, ಅದರಲ್ಲಿ 30 ಆತಂಕದ ಬಗ್ಗೆ. ಆತಂಕದ ಹುಡುಕಾಟ ಮೂರು ಪಟ್ಟಾಯಿತು. ಆದರೆ ಪಾಲು ಶೇ. 0.1ರಿಂದ ಶೇ. 0.03ಕ್ಕೆ ಇಳಿದಿದೆ, ಹಾಗಾಗಿ ಗ್ರಾಫ್ 100ರಿಂದ 30ಕ್ಕೆ ಬಿದ್ದಿರುತ್ತದೆ. ಇದರ ತಿರುವುಮುರುವೂ ನಡೆಯುತ್ತದೆ. ಟ್ರೆಂಡ್ಸ್‌ನಲ್ಲಿ 2004ರಿಂದ ಈಚಿನ ಮಾಹಿತಿ ಇದೆ. ಆರಂಭದ ವರ್ಷಗಳಲ್ಲಿ ಇಂಟರ್‌ನೆಟ್ ಬಳಸುತ್ತಿದ್ದವರು ಯಾರು, ಈಗ ಬಳಸುವವರು ಯಾರು ಎಂದು ಯೋಚಿಸಿದರೆ, ಇಪ್ಪತ್ತು ವರ್ಷದ ಗೆರೆಯನ್ನು ಒಂದೇ ಸಮಾಜದ ಕಥೆ ಎಂದು ಓದುವುದು ಎಷ್ಟು ಅಪಾಯ ಎಂಬುದು ಗೊತ್ತಾಗುತ್ತದೆ.

‘0’ ಕಂಡರೆ ಯಾರೂ ಹುಡುಕಲಿಲ್ಲ ಎಂದು ತಿಳಿಯಬೇಡಿ. ಲೆಕ್ಕಕ್ಕೆ ಸಿಗುವಷ್ಟು ಹುಡುಕಾಟ ಇರಲಿಲ್ಲ ಎಂದಷ್ಟೇ ಅರ್ಥ. ‘ಬ್ರೇಕ್‌ಔಟ್’ ಎಂಬ ಗುರುತು ಶೇ. 5,000ಕ್ಕೂ ಮೀರಿದ ಏರಿಕೆಗೆ ಬರುತ್ತದೆ. ಮೊದಲು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಂತಿದ್ದ ಪದಕ್ಕೂ ಅದು ಸಿಗುವುದರಿಂದ ಶೀರ್ಷಿಕೆ ಮಾಡುವಷ್ಟು ದೊಡ್ಡ ಸುದ್ದಿಯಲ್ಲ. ನಿಮ್ಮ ವರದಿಯಲ್ಲಿ ಹೀಗೆ ಬರೆದರೆ ಸರಿಯಿರುತ್ತದೆ: ‘ಒಟ್ಟು ಹುಡುಕಾಟಗಳಲ್ಲಿ ಆತಂಕದ ಕುರಿತ ಹುಡುಕಾಟದ ಪಾಲು ಎರಡು ವರ್ಷದ ಹಿಂದಿಗಿಂತ ಸುಮಾರು ಎರಡರಷ್ಟಾಗಿದೆ.’

ಪ್ರಶ್ನೆ: ಹುಡುಕಾಟ ಹೆಚ್ಚಾದರೆ ಕಾಯಿಲೆಯೂ ಹೆಚ್ಚಾಗಿದೆ ಎಂದೇ ಅಲ್ಲವೇ? ಸಮೀಕ್ಷೆಗೆ ತಿಂಗಳುಗಟ್ಟಲೆ ಕಾಯುವ ಬದಲು ಇದನ್ನೇ ಎಚ್ಚರಿಕೆಯ ಗಂಟೆ ಮಾಡಿಕೊಳ್ಳಬಾರದೇಕೆ?
— ಸಮುದಾಯ ಆರೋಗ್ಯ ಕಾರ್ಯಕರ್ತೆ

ಉತ್ತರ: ಈ ಆಸೆ ಹೊಸದಲ್ಲ, ಅದು ಮುಗ್ಗರಿಸಿದ್ದೂ ದಾಖಲಾಗಿದೆ. ಹುಡುಕಾಟದ ಪದಗಳಿಂದಲೇ ಫ್ಲೂ ಜ್ವರದ ಹಬ್ಬುವಿಕೆಯನ್ನು ಅಂದಾಜು ಮಾಡಲು ಗೂಗಲ್ 2008ರಲ್ಲಿ ‘ಫ್ಲೂ ಟ್ರೆಂಡ್ಸ್’ ಶುರು ಮಾಡಿತು. 2009ರ ಎಚ್1ಎನ್1 ಅಲೆಯ ಆರಂಭವನ್ನು ಅದು ಸರಿಯಾಗಿ ಹಿಡಿಯಲಿಲ್ಲ. 2011ರ ಆಗಸ್ಟ್‌ನಿಂದ ಲೆಕ್ಕ ಹಾಕಿದ 108 ವಾರಗಳಲ್ಲಿ 100 ವಾರ ವಾಸ್ತವಕ್ಕಿಂತ ಹೆಚ್ಚಿನ ಅಂದಾಜು ಕೊಟ್ಟಿತು. 2015ರಲ್ಲಿ ಅದು ನಿಂತುಹೋಯಿತು. ಜ್ವರದ ಸುದ್ದಿ ಬಂದಾಗ ಜ್ವರವಿಲ್ಲದವರೂ ಹುಡುಕುತ್ತಾರೆ, ಸರ್ಚ್ ಎಂಜಿನ್ನೇ ಪದಗಳನ್ನು ಸೂಚಿಸುವ ರೀತಿ ಬದಲಾಗುತ್ತಿರುತ್ತದೆ. ಪ್ರಯೋಗಾಲಯದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬಹುದಾದ ಫ್ಲೂ ಜ್ವರದ ಗತಿಯೇ ಹೀಗಾದರೆ, ಖಿನ್ನತೆಯ ವಿಷಯದಲ್ಲಿ ಇನ್ನಷ್ಟು ಹುಷಾರಾಗಿರಬೇಕು.

ಆತ್ಮಹತ್ಯೆಯ ವಿಷಯದಲ್ಲಿ ಈ ಎಚ್ಚರ ಎಲ್ಲಕ್ಕಿಂತ ಹೆಚ್ಚು ಬೇಕು. ಅಮೆರಿಕ, ಜರ್ಮನಿ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್‌ಗಳ ಮಾಹಿತಿ ಇಟ್ಟುಕೊಂಡು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹುಡುಕಾಟದ ಗ್ರಾಫಿನಿಂದ ದೇಶದ ಆತ್ಮಹತ್ಯೆ ಪ್ರಮಾಣವನ್ನು ಮುಂಚಿತವಾಗಿ ಹೇಳಲಾಗದು ಎಂದೇ ತೀರ್ಮಾನಿಸಿತು. ಕೆಲವು ಹಳೆಯ ಅಧ್ಯಯನಗಳಲ್ಲಿ ನಂಟು ಕಂಡಿತ್ತು, ಆದರೆ ಬೇರೆ ದೇಶ, ಬೇರೆ ಪದಗಳಿಗೆ ಹೋದಾಗ ಅದು ನಿಲ್ಲಲಿಲ್ಲ.

ಹಾಗಾದರೆ ಯಾವುದರಲ್ಲಿ ಉಪಯೋಗಕ್ಕೆ ಬರುತ್ತದೆ? ದಿನಾಂಕ ಗೊತ್ತಿರುವ ಒಂದು ಘಟನೆಯ ಮುಂಚೆ-ನಂತರವನ್ನು ಹೋಲಿಸುವುದರಲ್ಲಿ. ಅಮೆರಿಕದಲ್ಲಿ 2020ರ ಮಾರ್ಚ್ 13ರಂದು ಕೋವಿಡ್ ರಾಷ್ಟ್ರೀಯ ತುರ್ತುಸ್ಥಿತಿ ಘೋಷಣೆಯಾದ ನಂತರದ 58 ದಿನ ತೀವ್ರ ಆತಂಕದ ಹುಡುಕಾಟ ನಿರೀಕ್ಷೆಗಿಂತ ಶೇ. 11 ಹೆಚ್ಚಿತ್ತು, ಮಾರ್ಚ್ 28ರಂದು ಶೇ. 52 ಹೆಚ್ಚಿತ್ತು. ಯುರೋಪ್ ಮತ್ತು ಅಮೆರಿಕದ ಲಾಕ್‌ಡೌನ್ ಕುರಿತ ಇನ್ನೊಂದು ಅಧ್ಯಯನದಲ್ಲಿ ಬೇಸರ, ಒಂಟಿತನ, ಚಿಂತೆ, ದುಃಖದ ಹುಡುಕಾಟ ಏರಿದ್ದವು. ಒತ್ತಡ, ಆತ್ಮಹತ್ಯೆ, ವಿಚ್ಛೇದನದ ಹುಡುಕಾಟ ಇಳಿದಿದ್ದವು. ‘ಮಾನಸಿಕ ಆರೋಗ್ಯ ಹದಗೆಟ್ಟಿತು’ ಎಂಬ ಒಂದೇ ವಾಕ್ಯದಲ್ಲಿ ಈ ಎರಡೂ ಹಿಡಿಯುವುದಿಲ್ಲ. ಯಾವ ಸಂಕಟ ಯಾವಾಗ ಮೇಲೆ ಬಂತು ಎಂಬುದನ್ನು ಬಿಡಿಬಿಡಿಯಾಗಿ ತೋರಿಸುವುದೇ ಇದರ ಶಕ್ತಿ.

2017ರ ಮಾರ್ಚ್ 31ರಂದು ಹದಿಹರೆಯದ ಹುಡುಗಿಯ ಆತ್ಮಹತ್ಯೆಯ ಕಥೆಯುಳ್ಳ ಅಮೆರಿಕನ್ ವೆಬ್ ಸರಣಿಯೊಂದು ಬಿಡುಗಡೆಯಾಯಿತು. ಮುಂದಿನ 19 ದಿನಗಳಲ್ಲಿ ಆ ದೇಶದ ಆತ್ಮಹತ್ಯೆ ಸಂಬಂಧಿ ಹುಡುಕಾಟ ನಿರೀಕ್ಷೆಗಿಂತ ಶೇ. 19 ಹೆಚ್ಚಿತ್ತು, ಅಂದರೆ 9 ಲಕ್ಷದಿಂದ 15 ಲಕ್ಷದವರೆಗೆ ಹೆಚ್ಚುವರಿ ಹುಡುಕಾಟಗಳು ಎಂಬ ಅಂದಾಜು. ಸಹಾಯವಾಣಿಯ ಸಂಖ್ಯೆ ಹುಡುಕಿದ್ದು ಶೇ. 12 ಏರಿದರೆ, ಅಪಾಯದ ಕಡೆಗಿನ ಹುಡುಕಾಟಗಳೂ ಏರಿದ್ದವು, ಕೆಲವು ಅದಕ್ಕಿಂತ ಹೆಚ್ಚಾಗಿಯೇ. ಒಟ್ಟು ಏರಿಕೆಯನ್ನು ಮಾತ್ರ ನೋಡಿದ್ದರೆ ಈ ಎರಡು ಪ್ರವಾಹ ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. ನಿಮ್ಮ ಪ್ರದೇಶದ ಗ್ರಾಫ್ ಏಕಾಏಕಿ ಏರಿದರೆ ಮೊದಲು ಆ ವಾರದ ಸುದ್ದಿ ನೋಡಿ, ಆಮೇಲೆ ಸಹಾಯವಾಣಿಯ ಕರೆ ಮತ್ತು ಹೊರರೋಗಿ ವಿಭಾಗದ ದಾಖಲೆಯೊಂದಿಗೆ ತಾಳೆ ನೋಡಿ. ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ಮಾತ್ರ ಗಂಟೆ ಬಾರಿಸಿ.

ಪ್ರಶ್ನೆ: ಬೇಸಿಗೆಯಲ್ಲಿ ಜನರ ಮನಸ್ಸು ಹಗುರವಾಗಿರುತ್ತದೆ ಎಂದು ಹುಡುಕಾಟದ ಅಧ್ಯಯನ ಸಾಬೀತು ಮಾಡಿದೆಯಂತೆ, ನಿಜವೇ?
— ಉಪನ್ಯಾಸಕರು

ಉತ್ತರ: ಅಮೆರಿಕ ಮತ್ತು ಆಸ್ಟ್ರೇಲಿಯಾದ 2006–2010ರ ಹುಡುಕಾಟಗಳನ್ನು ನೋಡಿದ ಅಧ್ಯಯನವದು, 2013ರಲ್ಲಿ ಪ್ರಕಟವಾಯಿತು. ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಮಾನಸಿಕ ಕಾಯಿಲೆಗಳ ಹುಡುಕಾಟ ಅಮೆರಿಕದಲ್ಲಿ ಸುಮಾರು ಶೇ. 14, ಆಸ್ಟ್ರೇಲಿಯಾದಲ್ಲಿ ಸುಮಾರು ಶೇ. 11 ಕಡಿಮೆ. ಎರಡೂ ದೇಶಗಳ ಬೇಸಿಗೆ ವಿರುದ್ಧ ತಿಂಗಳುಗಳಲ್ಲಿ ಬರುವುದರಿಂದ ಇದು ಕಾಕತಾಳೀಯವಲ್ಲ. ಆದರೆ ಬೇಸಿಗೆಯೆಂದರೆ ಕಾಲೇಜು ರಜೆಯೂ ಹೌದು. ಸ್ಕಿಜೋಫ್ರೇನಿಯಾದಂಥ ಪದಗಳನ್ನು ಪಾಠಕ್ಕಾಗಿ, ಪ್ರಬಂಧಕ್ಕಾಗಿ ಹುಡುಕುವ ವಿದ್ಯಾರ್ಥಿಗಳು ಎಷ್ಟು ಮಂದಿ ಎಂಬುದು ಗ್ರಾಫಿನಲ್ಲಿ ಕಾಣುವುದಿಲ್ಲ. ಬಿಸಿಲಿಗೂ ರಜೆಗೂ ಪಾಲು ಹಂಚದೆ ‘ಸಾಬೀತು’ ಎನ್ನಲಾಗದು.

ಪ್ರಶ್ನೆ: ಸ್ನಾತಕೋತ್ತರ ಪ್ರಾಜೆಕ್ಟ್‌ಗೆ ‘ನಿದ್ರಾಹೀನತೆ ಮತ್ತು ಖಿನ್ನತೆಯ ಹುಡುಕಾಟ’ ಆರಿಸಿಕೊಂಡಿದ್ದೇನೆ. ಸೋಮವಾರ ಟ್ರೆಂಡ್ಸ್‌ನಿಂದ ಇಳಿಸಿದ (ಡೌನ್‌ಲೋಡ್ ಮಾಡಿದ) ಅಂಕಿಗಳು ಶುಕ್ರವಾರ ಬೇರೆಯಾಗಿವೆ. ಎಲ್ಲಿ ತಪ್ಪುತ್ತಿದೆ?
— ಮನಃಶಾಸ್ತ್ರ ವಿದ್ಯಾರ್ಥಿ

ಉತ್ತರ: ನೀವು ತಪ್ಪಿಲ್ಲ. ಟ್ರೆಂಡ್ಸ್ ಎಲ್ಲ ಹುಡುಕಾಟಗಳನ್ನೂ ಎಣಿಸುವುದಿಲ್ಲ, ಒಂದು ಮಾದರಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ. ಆ ಮಾದರಿ ಬದಲಾದಾಗ ಅಂಕಿಯೂ ಅಲುಗಾಡುತ್ತದೆ. ಹೆಚ್ಚು ಜನ ಬಳಸುವ ಪದಗಳಲ್ಲಿ ಅಲುಗಾಟ ಸಣ್ಣದು, ಅಪರೂಪದ ಪದಗಳಲ್ಲಿ ದೊಡ್ಡದು. ಒಂದೇ ಹುಡುಕಾಟವನ್ನು ಬೇರೆಬೇರೆ ದಿನ, ಕನಿಷ್ಠ ಐದಾರು ಸಲ ಇಳಿಸಿ, ಪ್ರತಿ ವಾರದ ಅಂಕಗಳ ಸರಾಸರಿ ತೆಗೆಯಿರಿ. ಒಂದು ಸಲ ಇಳಿಸಿದ್ದಕ್ಕೂ ಇನ್ನೊಂದು ಸಲ ಇಳಿಸಿದ್ದಕ್ಕೂ ಎಷ್ಟು ಅಂತರ ಬಂತು ಎಂಬುದನ್ನೂ ವರದಿಯಲ್ಲಿ ಕೊಡಿ. ನಿಮ್ಮ ಪದದಲ್ಲಿ ಆ ಅಂತರ 15 ಅಂಕವಿದ್ದರೆ, 10 ಅಂಕದ ಏರಿಕೆಗೆ ಕಾರಣ ಹುಡುಕುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಇದಕ್ಕಿಂತ ಹೆಚ್ಚು ಪ್ರಾಜೆಕ್ಟ್‌ಗಳು ಹಾಳಾಗುವುದು ಪದದ ಆಯ್ಕೆಯಲ್ಲಿ. ‘ಡಿಪ್ರೆಶನ್’ ಎಂದು ಹಾಕಿದರೆ ಹವಾಮಾನದ ವಾಯುಭಾರ ಕುಸಿತವೂ ಆರ್ಥಿಕ ಕುಸಿತವೂ ಅದರೊಳಗೆ ಬರುತ್ತವೆ; ಚಂಡಮಾರುತದ ವಾರ ಗ್ರಾಫ್ ಏರಿದರೆ ಅದು ಜನರ ಮನಸ್ಸಿನದಲ್ಲ. ಸಂಬಂಧಿತ ಹುಡುಕಾಟಗಳ ಪಟ್ಟಿ ತೆರೆದು ಏನೇನು ಸೇರಿಕೊಂಡಿದೆ ಎಂದು ಮೊದಲು ನೋಡಿ. ಬೇಡದ್ದನ್ನು ಮೈನಸ್ ಚಿಹ್ನೆಯಿಂದ ತೆಗೆಯಿರಿ, ಒಂದೇ ಅರ್ಥದ ಪದಗಳನ್ನು ಪ್ಲಸ್ ಚಿಹ್ನೆಯಿಂದ ಕೂಡಿಸಿ. ‘ವಿಷಯ’ ಎಂದು ಆರಿಸಿದರೆ ಹಲವು ಭಾಷೆಗಳ ಹುಡುಕಾಟ ಒಟ್ಟಿಗೆ ಸಿಗುತ್ತದೆ, ‘ಹುಡುಕಾಟ ಪದ’ ಎಂದು ಆರಿಸಿದರೆ ಟೈಪ್ ಮಾಡಿದ ಅಕ್ಷರಗಳು ಮಾತ್ರ. ಕನ್ನಡದ ಪದಗಳಿಗೆ ಇದು ಮುಖ್ಯ: ಬಹಳ ಮಂದಿ ಕನ್ನಡವನ್ನೇ ಇಂಗ್ಲಿಷ್ ಲಿಪಿಯಲ್ಲಿ, ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ಟೈಪ್ ಮಾಡುತ್ತಾರೆ. ಅವನ್ನು ಬಿಟ್ಟರೆ ಸೊನ್ನೆಗಳ ಸಾಲೇ ಸಿಗುತ್ತದೆ. ಹಾಗಾದಾಗ ವಾರದ ಬದಲು ತಿಂಗಳ ಲೆಕ್ಕಕ್ಕೆ ಹೋಗಿ. ಐದು ವರ್ಷ ಮೀರಿದ ಅವಧಿ ಕೊಟ್ಟರೆ ಅದು ತಾನಾಗಿಯೇ ತಿಂಗಳ ಲೆಕ್ಕವಾಗುತ್ತದೆ.

‘ನಿದ್ರಾಹೀನತೆ’ ಪುಸ್ತಕದ ಪದ. ರಾತ್ರಿ ಹೊರಳಾಡುತ್ತಿರುವವರು ‘ನಿದ್ದೆ ಬರ್ತಿಲ್ಲ ಏನ್ ಮಾಡ್ಲಿ’ ಎಂದು ಕೇಳುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೊನೆಯ ಏಳು ದಿನದ ಗಂಟೆವಾರು ಗ್ರಾಫ್ ತೆಗೆಯಿರಿ. ಮೊದಲನೆಯದರಲ್ಲಿ ಓದಿಗಾಗಿ, ವರದಿಗಾಗಿ ಹುಡುಕುವವರು ಬೆರೆತಿರುತ್ತಾರೆ. ಎರಡನೆಯದರ ಗೆರೆ ನಡುರಾತ್ರಿ ದಾಟಿದ ಮೇಲೆ ಏಳುತ್ತದೆಯೇ ಎಂಬುದನ್ನು ನೋಡಬೇಕು. ಅಂಕಿ ಕಡಿಮೆಯಿದ್ದರೆ ಹತ್ತಾರು ವಾರಗಳನ್ನು ಸೇರಿಸಿ.

ಇನ್ನೆರಡು ಮಾತು. 2011, 2016 ಮತ್ತು 2022ರ ಜನವರಿ 1ರಲ್ಲಿ ಗ್ರಾಫಿನ ಮೇಲೆ ಸಣ್ಣ ಟಿಪ್ಪಣಿ ಗುರುತು ಇರುತ್ತದೆ. ಲೆಕ್ಕದ ವಿಧಾನವನ್ನು ಗೂಗಲ್ ಸುಧಾರಿಸಿದ ದಿನಗಳವು. ಅಲ್ಲಿ ಗೆರೆ ಜಿಗಿದರೆ ಸಾಮಾಜಿಕ ಕಾರಣ ಹುಡುಕಬೇಡಿ. ಹಾಗೆಯೇ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದ ಆಸುಪಾಸಿನ ಏರಿಕೆಯನ್ನು ಬೇರೆಯಾಗಿ ಗುರುತಿಸಿ. ಇಳಿಸಿದ ದಿನಾಂಕ, ಪ್ರದೇಶ, ಅವಧಿ, ವರ್ಗ, ಪದಗಳ ಅಕ್ಷರಶಃ ರೂಪ — ಇಷ್ಟನ್ನೂ ಅನುಬಂಧದಲ್ಲಿ ಹಾಕಿ. ಈ ಕ್ಷೇತ್ರದ ಎಷ್ಟೋ ಪ್ರಕಟಿತ ಪ್ರಬಂಧಗಳನ್ನೇ ಇನ್ನೊಬ್ಬರು ಮತ್ತೆ ಮಾಡಿ ನೋಡಲಾಗದೆ ಇರುವುದು ಈ ಐದು ವಿವರಗಳ ಕೊರತೆಯಿಂದ.

ಪ್ರಶ್ನೆ: ಹದಿನೇಳು ವರ್ಷದ ಮಗನ ಫೋನಿನಲ್ಲಿ ‘ಬದುಕಿ ಏನು ಪ್ರಯೋಜನ’, ‘ಸಾಯಬೇಕು ಅನ್ನಿಸುತ್ತೆ’ ಎಂಬ ಹುಡುಕಾಟ ಕಣ್ಣಿಗೆ ಬಿತ್ತು. ಕೇಳಿದರೆ ಇನ್ನಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತಾನೇನೋ ಎಂದು ಸುಮ್ಮನಿದ್ದೇನೆ.
— ಒಬ್ಬ ತಾಯಿ

ಉತ್ತರ: ಅಮ್ಮಾ, ಇವತ್ತೇ ಕೇಳಿ. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೆಚ್ಚುವುದೂ ಇಲ್ಲ. ಇದನ್ನು ಹಲವು ಅಧ್ಯಯನಗಳು ಪರೀಕ್ಷಿಸಿ ನೋಡಿವೆ. ಒಳಗೇ ಇಟ್ಟುಕೊಂಡಿದ್ದನ್ನು ಒಬ್ಬರು ಕೇಳಿದರಲ್ಲ ಎಂದು ಎಷ್ಟೋ ಮಕ್ಕಳಿಗೆ ಉಸಿರು ಹಗುರಾಗುತ್ತದೆ.

ಬೇರೆಯವರಿಲ್ಲದಾಗ, ಎದುರುಬದುರು ವಿಚಾರಣೆಯಂತೆ ಕೂರದೆ ಪಕ್ಕದಲ್ಲಿ ಕೂತು ಅಥವಾ ನಡೆಯುತ್ತ ಮಾತಾಡಿ. ನೋಡಿದ್ದನ್ನು ಮುಚ್ಚಿಡಬೇಡಿ: ‘ನಿನ್ನ ಫೋನಲ್ಲಿ ಈ ಮಾತು ಕಣ್ಣಿಗೆ ಬಿತ್ತು. ಕೋಪ ಇಲ್ಲ ಕಣೋ, ಹೆದರಿಕೆ ಆಯ್ತು. ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಅಷ್ಟು ಕೇಳಿ ಸುಮ್ಮನಿರಿ. ಉತ್ತರ ಬರಲು ಎರಡು ನಿಮಿಷ ಹಿಡಿದರೂ ಆ ಜಾಗವನ್ನು ಬುದ್ಧಿಮಾತಿನಿಂದ ತುಂಬಬೇಡಿ. ‘ನಿನಗೇನು ಕಮ್ಮಿ ಮಾಡಿದ್ದೀವಿ’ ಎಂಬ ಮಾತು ಬಂದರೆ ಬಾಗಿಲು ಮುಚ್ಚಿಹೋಗುತ್ತದೆ.

‘ಹೌದು’ ಎಂದರೆ ಇನ್ನೂ ಮೂರು ವಿಷಯ ಕೇಳಬೇಕು: ಹೇಗೆ ಎಂದು ಯೋಚಿಸಿದ್ದಾನೆಯೇ, ಅದಕ್ಕೆ ಬೇಕಾದ್ದು ಕೈಗೆಟಕುವಂತಿದೆಯೇ, ಯಾವಾಗ ಎಂದು ನಿರ್ಧರಿಸಿದ್ದಾನೆಯೇ. ಒಂದಕ್ಕೆ ಹೌದು ಎಂದರೂ ಅವನನ್ನು ಒಂಟಿಯಾಗಿ ಬಿಡಬೇಡಿ. ಅದೇ ದಿನ ಮನೋವೈದ್ಯರ ಬಳಿಗೆ, ಸಿಗದಿದ್ದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಮನೆಯಲ್ಲಿರುವ ಔಷಧಿ, ವಿಷಕಾರಿ ವಸ್ತು, ಆಯುಧಗಳನ್ನು ಮನೆಯಿಂದ ಹೊರಗೆ ಕಳಿಸಿ ಅಥವಾ ಬೀಗ ಹಾಕಿ, ಬೀಗದ ಕೈ ನಿಮ್ಮ ಮೈಮೇಲೆ ಇರಲಿ. ತೀವ್ರ ಆವೇಗದ ಹೊತ್ತು ಸಾಮಾನ್ಯವಾಗಿ ಹೆಚ್ಚು ಕಾಲ ಇರುವುದಿಲ್ಲ. ಆ ಹೊತ್ತಿನಲ್ಲಿ ಸಾಧನ ಕೈಗೆ ಸಿಗದಿರುವುದೇ ಜೀವ ಉಳಿಸುತ್ತದೆ.

ಮೂರಕ್ಕೂ ಇಲ್ಲವೆಂದರೆ, ಅಥವಾ ‘ಏನಿಲ್ಲ, ಸುಮ್ಮನೆ ಹುಡುಕಿದೆ’ ಎಂದರೆ, ಅಲ್ಲಿಗೇ ಬಿಡಬೇಡಿ. ಎರಡು ಮೂರು ದಿನದೊಳಗೆ ಆಪ್ತ ಸಮಾಲೋಚಕರನ್ನೋ ವೈದ್ಯರನ್ನೋ ಕಾಣಿಸಿ. ನಿದ್ದೆ-ಊಟ ಏರುಪೇರಾಗಿರುವುದು, ಗೆಳೆಯರಿಂದ ದೂರವಾಗಿರುವುದು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು ಕಂಡರೆ ಅಷ್ಟೂ ಕಾಯಬೇಡಿ. ಅವನಿಗೆ ಗೊತ್ತಾಗದಂತೆ ಫೋನಿಗೆ ನಿಗಾ ಆ್ಯಪ್ ಹಾಕುವ ಯೋಚನೆ ಬಿಡಿ. ಗೊತ್ತಾದ ದಿನ ಅವನು ಬೇರೆ ಫೋನಿನಲ್ಲಿ ಹುಡುಕುತ್ತಾನೆ, ನಿಮ್ಮೊಂದಿಗೆ ಮಾತು ನಿಲ್ಲಿಸುತ್ತಾನೆ.

ಪ್ರಶ್ನೆ: ರಾತ್ರಿ ಎದೆ ಡವಡವ ಎಂದರೆ ಕೂಡಲೇ ಗೂಗಲ್ ಮಾಡುತ್ತೇನೆ. ಓದುತ್ತ ಓದುತ್ತ ಮೂರು ಗಂಟೆಯಾಗುತ್ತದೆ, ಹೆದರಿಕೆ ಹೆಚ್ಚುತ್ತದೆ. ಇಸಿಜಿ ಎರಡು ಸಲ ಸರಿಯಾಗಿಯೇ ಬಂದಿದೆ.
— 34 ವರ್ಷದ ಓದುಗ

ಉತ್ತರ: ಇದಕ್ಕೆ ‘ಸೈಬರ್‌ಕಾಂಡ್ರಿಯಾ’ ಎನ್ನುತ್ತಾರೆ. ಮೈಕ್ರೋಸಾಫ್ಟ್ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಲೆನೋವಿನಂಥ ಸಾಮಾನ್ಯ ಲಕ್ಷಣದಿಂದ ಶುರುವಾದ ಹುಡುಕಾಟ ಅಪರೂಪದ ಗಂಭೀರ ಕಾಯಿಲೆಯತ್ತ ಏರುತ್ತ ಹೋಗುವುದನ್ನು ತೋರಿಸಿದ್ದರು. ಸರ್ಚ್ ಎಂಜಿನ್ ಪದಗಳನ್ನು ಹೊಂದಿಸುತ್ತದೆ, ನಿಮ್ಮ ವಯಸ್ಸು, ಇಸಿಜಿ ಅದಕ್ಕೆ ಗೊತ್ತಿಲ್ಲ. ಗಂಭೀರ ಕಾಯಿಲೆಯ ಬಗ್ಗೆ ಬರೆದ ಪುಟಗಳು ಹೆಚ್ಚಿರುವುದರಿಂದ ಅವೇ ಎದುರಾಗುತ್ತವೆ. ಒಂದು ಪುಟ ಸಮಾಧಾನ ಹೇಳಿದರೆ ಹತ್ತು ನಿಮಿಷ ನಿರಾಳ, ಆಮೇಲೆ ‘ಅಕಸ್ಮಾತ್...’ ಎಂಬ ಅನುಮಾನ ಬಂದು ಮತ್ತೆ ಫೋನು. ಆ ಹತ್ತು ನಿಮಿಷದ ನಿರಾಳವೇ ಚಟವನ್ನು ಬಿಗಿ ಮಾಡುತ್ತದೆ.

ಫೋನನ್ನು ಕೈಚಾಚಿದರೆ ಸಿಗದ ಜಾಗದಲ್ಲಿ ಚಾರ್ಜ್‌ಗೆ ಹಾಕಿ, ಹಾಸಿಗೆ ಪಕ್ಕ ಕಾಗದ-ಪೆನ್ನು ಇಡಿ. ಎದೆಬಡಿತ ಶುರುವಾದಾಗ ಸಮಯ ಬರೆಯಿರಿ, ಇಳಿದಾಗ ಮತ್ತೆ ಬರೆಯಿರಿ. ಪ್ಯಾನಿಕ್‌ನ, ಅಂದರೆ ಏಕಾಏಕಿ ಬರುವ ತೀವ್ರ ಗಾಬರಿಯ, ಅಬ್ಬರ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಅದು ತಾನಾಗಿಯೇ ಇಳಿಯುವುದನ್ನು ನಿಮ್ಮದೇ ಕೈಬರಹದಲ್ಲಿ ನಾಲ್ಕಾರು ಸಲ ನೋಡಿದರೆ ಯಾವ ಪುಟವೂ ಕೊಡದ ಧೈರ್ಯ ಬರುತ್ತದೆ. ಹುಡುಕಲೇಬೇಕೆನಿಸಿದರೆ ಹಗಲಿನಲ್ಲಿ 15 ನಿಮಿಷದ ಒಂದು ಸಮಯ ಗೊತ್ತು ಮಾಡಿ, ಆಸ್ಪತ್ರೆ ಅಥವಾ ಸರ್ಕಾರಿ ಆರೋಗ್ಯ ಸಂಸ್ಥೆಯ ಒಂದೇ ಪುಟ ಓದಿ ಮುಚ್ಚಿ. ಕೆಲವು ವಾರವಾದರೂ ಹತೋಟಿಗೆ ಬರದಿದ್ದರೆ ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಗೊತ್ತಿರುವ ಮನಃಶಾಸ್ತ್ರಜ್ಞರನ್ನು ಕಾಣಿ. ಇದಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಎದೆನೋವು ತೋಳಿಗೋ ದವಡೆಗೋ ಹರಡಿದರೆ, ತಣ್ಣನೆಯ ಬೆವರು, ಉಸಿರುಕಟ್ಟುವಿಕೆ, ಪ್ರಜ್ಞೆ ತಪ್ಪುವುದು ಕಂಡರೆ ಮಾತ್ರ ಬರೆಯುತ್ತ ಕೂರದೆ ತುರ್ತು ಚಿಕಿತ್ಸೆಗೆ ಹೋಗಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಂಬತ್ತು ಪ್ರಶ್ನೆಯ ಪರೀಕ್ಷೆ ತೆಗೆದುಕೊಂಡೆ, 14 ಬಂತು. ನನಗೆ ಖಿನ್ನತೆ ಇದೆಯೇ?
— ಗೃಹಿಣಿ

ಉತ್ತರ: ಅದು ಪಿಎಚ್‌ಕ್ಯೂ-9, ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪ್ರಶ್ನಾವಳಿ. ಒಟ್ಟು 27 ಅಂಕ. 10ರಿಂದ 14 ‘ಮಧ್ಯಮ’. ವೈದ್ಯರನ್ನು ಕಾಣಲು ಇದು ಸಾಕಾದ ಕಾರಣ, ಆದರೆ ರೋಗನಿರ್ಣಯವಲ್ಲ. ಥೈರಾಯ್ಡ್ ತೊಂದರೆ, ರಕ್ತಹೀನತೆಗಳಲ್ಲೂ ಸುಸ್ತು, ನಿದ್ದೆಯ ಏರುಪೇರು ಇರುವುದರಿಂದ ಅಂಕ ಏರುತ್ತದೆ. ಹಿಂದೆ ಕೆಲವು ದಿನ ನಿದ್ದೆಯೇ ಬೇಡವೆನ್ನುವಷ್ಟು ಹುರುಪು, ಮಿತಿಮೀರಿದ ಮಾತು-ಖರ್ಚು ಇದ್ದಿದ್ದರೆ ಅದನ್ನು ತಪ್ಪದೆ ಹೇಳಿ, ಚಿಕಿತ್ಸೆಯೇ ಬೇರೆಯಾಗುತ್ತದೆ. ಪರೀಕ್ಷೆ ಕೇಳುವುದು ಹಿಂದಿನ ಎರಡು ವಾರದ ಬಗ್ಗೆ, ಹಾಗಾಗಿ ದಿನಾ ತೆಗೆದುಕೊಂಡು ಪ್ರಯೋಜನವಿಲ್ಲ. ಒಂಬತ್ತನೆಯ ಪ್ರಶ್ನೆಗೆ, ಅಂದರೆ ಸಾಯುವ ಅಥವಾ ತನಗೆ ಹಾನಿ ಮಾಡಿಕೊಳ್ಳುವ ಯೋಚನೆಗೆ, ಸೊನ್ನೆಯಲ್ಲದ ಉತ್ತರ ಕೊಟ್ಟಿದ್ದರೆ ಒಟ್ಟು ಅಂಕ ಎಷ್ಟೇ ಇರಲಿ, ತಡಮಾಡದೆ ಹೋಗಿ.

ಪ್ರಶ್ನೆ: ಮನಸ್ಸಿನ ಬಗ್ಗೆ ಹುಡುಕಿದ್ದು ಕಚೇರಿಗೆ, ಜಾಹೀರಾತು ಕಂಪನಿಗಳಿಗೆ ಗೊತ್ತಾಗುತ್ತದೆಯೇ? ಇನ್‌ಕಾಗ್ನಿಟೊ ಸಾಕೇ?
— ಐಟಿ ಉದ್ಯೋಗಿ

ಉತ್ತರ: ಸಾಲದು. ಇನ್‌ಕಾಗ್ನಿಟೊ ನಿಮ್ಮ ಸಾಧನದಲ್ಲಿ ಇತಿಹಾಸ ಉಳಿಸುವುದಿಲ್ಲ, ಅಷ್ಟೇ. ಯಾವ ಜಾಲತಾಣಕ್ಕೆ ಹೋದಿರಿ ಎಂಬುದು ಕಚೇರಿಯ ನೆಟ್‌ವರ್ಕ್‌ಗೂ ಇಂಟರ್‌ನೆಟ್ ಕಂಪನಿಗೂ ಕಾಣಬಹುದು. ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಎಚ್‌ಟಿಟಿಪಿಎಸ್ ವ್ಯವಸ್ಥೆ ಇರುವುದರಿಂದ ಹುಡುಕಿದ ಪದ ಸಾಮಾನ್ಯವಾಗಿ ಅವರಿಗೆ ಕಾಣದು, ಆದರೆ ಕಚೇರಿಯ ಲ್ಯಾಪ್‌ಟಾಪಿನಲ್ಲಿ ನಿಗಾ ಸಾಫ್ಟ್‌ವೇರ್ ಇದ್ದರೆ ಅದೂ ಕಂಡೀತು. ಸ್ವಂತ ಫೋನು, ಸ್ವಂತ ಡೇಟಾ ಬಳಸಿ. ಗೂಗಲ್ ಖಾತೆಯ ‘ನನ್ನ ಚಟುವಟಿಕೆ’ ಪುಟದಲ್ಲಿ 3, 18 ಅಥವಾ 36 ತಿಂಗಳಿಗೆ ತಾನಾಗಿ ಅಳಿಸುವ ಆಯ್ಕೆಯಿದೆ, 3 ಇಡಿ.

ಹುಡುಕಿದ ಮೇಲೆ ತೆರೆಯುವ ಪುಟಗಳ ಬಗ್ಗೆಯೂ ಎಚ್ಚರವಿರಲಿ. ಪ್ರೈವಸಿ ಇಂಟರ್‌ನ್ಯಾಷನಲ್ ಸಂಸ್ಥೆ 2019ರಲ್ಲಿ ಫ್ರಾನ್ಸ್, ಜರ್ಮನಿ, ಬ್ರಿಟನ್‌ಗಳ ಖಿನ್ನತೆ ಕುರಿತ 136 ಪುಟ ಪರಿಶೀಲಿಸಿದಾಗ ಮುಕ್ಕಾಲು ಪಾಲಿಗೂ ಹೆಚ್ಚು ಪುಟಗಳಲ್ಲಿ ಜಾಹೀರಾತಿಗಾಗಿ ಜಾಡು ಹಿಡಿಯುವ ಟ್ರ್ಯಾಕರ್‌ಗಳಿದ್ದವು. ಹೆಸರು ತೆಗೆದರೆ ಸಾಕು ಎಂಬ ಮಾತನ್ನೂ ನಂಬಬೇಡಿ. 2006ರಲ್ಲಿ ಅಮೆರಿಕದ ಇಂಟರ್‌ನೆಟ್ ಕಂಪನಿ ಎಒಎಲ್ ಸುಮಾರು 6.5 ಲಕ್ಷ ಬಳಕೆದಾರರ ಹುಡುಕಾಟಗಳನ್ನು ಹೆಸರಿನ ಬದಲು ಸಂಖ್ಯೆ ಕೊಟ್ಟು ಬಿಡುಗಡೆ ಮಾಡಿತು. ಬರೀ ಹುಡುಕಿದ ಪದಗಳಿಂದಲೇ ಪತ್ರಕರ್ತರು ಒಬ್ಬ ಮಹಿಳೆಯ ಮನೆ ಬಾಗಿಲಿಗೆ ಹೋಗಿದ್ದರು.

ಪ್ರಶ್ನೆ: ನಮ್ಮ ಸ್ವಯಂಸೇವಾ ತಂಡ ಮಾನಸಿಕ ಆರೋಗ್ಯದ ಕನ್ನಡ ಜಾಲತಾಣ ಮಾಡುತ್ತಿದೆ. ಹುಡುಕಾಟದ ಮಾಹಿತಿಯನ್ನು ಹೇಗೆ ಬಳಸಿಕೊಳ್ಳಬೇಕು?
— ತಂಡದ ಸಂಯೋಜಕಿ

ಉತ್ತರ: ಎಷ್ಟು ಜನರಿಗೆ ಕಾಯಿಲೆ ಎಂಬ ಪ್ರಶ್ನೆಯನ್ನು ಸಮೀಕ್ಷೆಗಳಿಗೆ ಬಿಡಿ. ಸಂಕಟದಲ್ಲಿರುವವರು ಯಾವ ಮಾತಿನಲ್ಲಿ, ಯಾವ ಹೊತ್ತಿನಲ್ಲಿ ಕೇಳುತ್ತಾರೆ ಎಂಬುದನ್ನು ಹುಡುಕಾಟದಷ್ಟು ಚೆನ್ನಾಗಿ ಇನ್ನಾವುದೂ ಹೇಳದು, ಅದನ್ನು ತೆಗೆದುಕೊಳ್ಳಿ. ಸರ್ಚ್ ಪೆಟ್ಟಿಗೆಯಲ್ಲಿ ‘ನಿದ್ದೆ’, ‘ಭಯ’, ‘ಒಂಟಿ’, ‘ಅಳು’ ಎಂದು ಅರ್ಧ ಟೈಪ್ ಮಾಡಿ ಬರುವ ಸಲಹೆಗಳನ್ನೆಲ್ಲ ಬರೆದುಕೊಳ್ಳಿ. ಪುಟಗಳ ತಲೆಬರಹ ಆ ಮಾತುಗಳಲ್ಲೇ ಇರಲಿ. ‘ಸುಮ್ಮಸುಮ್ಮನೆ ಅಳು ಬರುತ್ತದೆ’ ಎಂಬ ಪುಟ ತೆರೆದವರಿಗೆ ‘ಖಿನ್ನತೆ’ ಎಂಬ ಹೆಸರು ಮೂರನೆಯ ಪ್ಯಾರಾದಲ್ಲಿ ಸಿಕ್ಕರೂ ತಡವಲ್ಲ. ಜಾಲತಾಣ ಶುರುವಾದ ಮೇಲೆ, ಜಾಲತಾಣ ನಡೆಸುವವರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಜನ ಯಾವ ಪದದಿಂದ ಬಂದರು ಎಂದು ತಿಂಗಳಿಗೊಮ್ಮೆ ನೋಡಿ. ಬಹಳ ಸಲ ಕಾಣಿಸಿಯೂ ಯಾರೂ ಒತ್ತದ ಪುಟವಿದ್ದರೆ ತಲೆಬರಹ ಅವರ ಮಾತಿನಲ್ಲಿಲ್ಲ ಎಂದರ್ಥ.

ಆತ್ಮಹತ್ಯೆಯ ಹುಡುಕಾಟಕ್ಕೆ ಸರ್ಚ್ ಎಂಜಿನ್‌ಗಳು ಮೇಲ್ಗಡೆ ಸಹಾಯವಾಣಿಯ ಪೆಟ್ಟಿಗೆ ತೋರಿಸುತ್ತವೆ, ಆದರೆ ಎಲ್ಲ ದೇಶ, ಎಲ್ಲ ಭಾಷೆಗಳಲ್ಲೂ ಒಂದೇ ಸಮನಾಗಿ ಅಲ್ಲ. ಅದನ್ನು ನೆಚ್ಚಿಕೊಳ್ಳದೆ ನಿಮ್ಮ ಪ್ರತಿ ಪುಟದ ಮೊದಲ ಪರದೆಯಲ್ಲೇ ಸಹಾಯವಾಣಿ ಇರಲಿ. ಸಂಖ್ಯೆಯನ್ನು ಚಿತ್ರದೊಳಗೆ ಹಾಕಬೇಡಿ, ಒತ್ತಿದರೆ ಕರೆ ಹೋಗುವ ಅಕ್ಷರವಾಗಿ ಕೊಡಿ. ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಎಷ್ಟು ಗಂಟೆಯವರೆಗೆ, ಕರೆಗೆ ಹಣ ಬೀಳುತ್ತದೆಯೇ ಎಂದು ಪಕ್ಕದಲ್ಲೇ ಬರೆಯಿರಿ. ತಿಂಗಳಿಗೊಮ್ಮೆ, ರಾತ್ರಿ ಎರಡು ಗಂಟೆಗೆ, ನೀವೇ ಆ ಸಂಖ್ಯೆಗೆ ಕರೆ ಮಾಡಿ. ಯಾರಾದರೂ ಎತ್ತಿಕೊಂಡರೆ ತಪಾಸಣೆಗೆ ಮಾಡಿದ ಕರೆಯೆಂದು ಹೇಳಿ ಕೂಡಲೇ ಇಡಿ. ಯಾರೂ ಎತ್ತದಿದ್ದರೆ ಬೆಳಗಾಗುವುದರೊಳಗೆ ಅದನ್ನು ತೆಗೆದು ಬೇರೆ ಸಂಖ್ಯೆ ಹಾಕಿ.